ಕೈಗೂಡಿದ ಆಸೆ ಏಕೆ ಹಳತಾಗುತ್ತದೆ?

ಓದುಗರ ಪ್ರಶ್ನೆ: ನಾನು ಬದಿಯಡ್ಕ ಸಮೀಪದ ಅಡಿಕೆ ಕೃಷಿಕ, ವಯಸ್ಸು ಐವತ್ತು ದಾಟಿದೆ. ಮೂರು ವರ್ಷಗಳ ಹಿಂದೆ ಹಳೆಯ ಹಂಚಿನ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿಸಿದೆ. ಮಗಳ ಮದುವೆ ಆಯಿತು, ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಡಿಕೆಯ ಧಾರಣೆಯೂ ಪರವಾಗಿಲ್ಲ. ಒಂದು ಕಾಲದಲ್ಲಿ ಏನೆಲ್ಲ ಆಗಬೇಕೆಂದು ಬಯಸಿದ್ದೆನೋ ಅದೆಲ್ಲ ಆಗಿದೆ. ಆದರೆ ಮನೆಯೊಕ್ಕಲಿನ ಸಂಭ್ರಮ ಆರು ತಿಂಗಳೂ ಉಳಿಯಲಿಲ್ಲ. ನೆರೆಕರೆಯವರೊಬ್ಬರು ದೊಡ್ಡ ಕಾರು ತಂದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವರು ನನ್ನ ಕಷ್ಟಕಾಲದಲ್ಲಿ ನೆರವಾದವರು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಊಟ, ಕೆಲಸ ಎಲ್ಲ ಎಂದಿನಂತೆಯೇ ಇದೆ. ಹಳೆ ಮನೆಯ ಜಗಲಿಯಲ್ಲಿ ರಾತ್ರಿ ಅಡಿಕೆ ಸುಲಿಯುವಾಗ ನಾಲ್ಕು ಜನ ಸೇರುತ್ತಿದ್ದರು, ಈಗ ಯಂತ್ರ ಬಂದ ಮೇಲೆ ಅದೂ ಇಲ್ಲ. ಮನೆಯವಳು ‘ನಿಮಗೆ ಎಷ್ಟಿದ್ದರೂ ಸಾಲದು’ ಎನ್ನುತ್ತಾಳೆ. ತೋಟ ಮಾರಿ ಬೆಂಗಳೂರಿಗೆ ಬನ್ನಿ ಎಂದು ಮಗ, ಪಕ್ಕದ ಜಾಗ ಮಾರಾಟಕ್ಕಿದೆ, ಸಾಲ ಮಾಡಿಯಾದರೂ ತೆಗೆದುಕೊಳ್ಳಿ ಎಂದು ಭಾವ, ಹತ್ತು ದಿನಗಳ ಮೌನ ಧ್ಯಾನ ಶಿಬಿರಕ್ಕೆ ಹೋಗಿ ಬನ್ನಿ ಎಂದು ಸ್ನೇಹಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ಸಂತೋಷವಾಗಿರುವುದು ಕೆಲವರ ಹಣೆಬರಹದಲ್ಲಿ ಮಾತ್ರ ಇರುತ್ತದೆಯೇ? ಅಥವಾ ನನ್ನ ಸ್ವಭಾವದಲ್ಲೇ ದೋಷವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಬೆರೆತುಕೊಂಡಿವೆ. ಬಯಸಿದ್ದು ಕೈಗೂಡಿದ ಮೇಲೂ ಸಂತೋಷ ಏಕೆ ನಿಲ್ಲುವುದಿಲ್ಲ ಎಂಬುದು ಒಂದು. ಅದು ನಿಲ್ಲದಿರುವುದು ನನ್ನ ತಪ್ಪೇ ಎಂಬುದು ಇನ್ನೊಂದು. ಎರಡನೆಯದಕ್ಕೆ ‘ಅಲ್ಲ’ ಎಂಬ ಉತ್ತರವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಕಾಸರಗೋಡಿನಲ್ಲಿ ಮನೋವೈದ್ಯನಾಗಿರುವ ನನ್ನ ಬಳಿಗೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಹೀಗೆ ಬೇರೆ ಬೇರೆ ಮನೆಮಾತಿನವರು ಬರುತ್ತಾರೆ. ಮಗಳ ಮದುವೆಯನ್ನು ಚೆನ್ನಾಗಿ ಮುಗಿಸಿದವರು, ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವರು, ಎಷ್ಟೋ ವರ್ಷ ಎಳೆದಾಡಿದ ಜಾಗದ ತಕರಾರನ್ನು ಕೋರ್ಟಿನಲ್ಲಿ ಗೆದ್ದವರು ನೀವು ಬರೆದಿರುವುದನ್ನೇ ತಮ್ಮ ತಮ್ಮ ಭಾಷೆಯಲ್ಲಿ ಹೇಳುತ್ತಾರೆ, ಹೇಳಿದ ಮೇಲೆ ತಲೆ ತಗ್ಗಿಸುತ್ತಾರೆ. ಎಲ್ಲ ಇದ್ದೂ ಸಂತೋಷವಿಲ್ಲ ಎನ್ನಲು ಜನರಿಗೆ ಆಗುವ ಸಂಕೋಚ ಬಡತನವನ್ನು ಹೇಳಿಕೊಳ್ಳುವ ಸಂಕೋಚಕ್ಕಿಂತ ದೊಡ್ಡದು. ಅವರಲ್ಲಿ ಹೆಚ್ಚಿನವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ.

ಆದರೂ ಕಾಯಿಲೆಯ ಮಾತನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಹಿಡಿಸುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಅದರ ಜೊತೆಗೆ ನಿದ್ದೆ, ಹಸಿವು ಕೆಟ್ಟು, ಕಾರಣವಿಲ್ಲದ ಆಯಾಸ, ತಾನು ಯಾರಿಗೂ ಬೇಡದವನೆಂಬ ಭಾವನೆ ಅಥವಾ ಸಾವಿನ ಯೋಚನೆ ಬರುತ್ತಿದ್ದರೆ ಅದನ್ನು ನಾವು ಖಿನ್ನತೆ ಎಂದು ಕರೆಯುತ್ತೇವೆ. ಅದು ತತ್ತ್ವಚಿಂತನೆಯಿಂದ ಗುಣವಾಗುವಂಥದ್ದಲ್ಲ, ಚಿಕಿತ್ಸೆಯಿಂದ ಗುಣವಾಗುತ್ತದೆ. ಥೈರಾಯ್ಡ್ ಗ್ರಂಥಿಯ ದೋಷ, ಬಿ12 ಜೀವಸತ್ವದ ಕೊರತೆಗಳೂ ನಡುವಯಸ್ಸಿನಲ್ಲಿ ಇದೇ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಒಂದು ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ನಿಮ್ಮ ಪತ್ರದಲ್ಲಿ ಈ ಲಕ್ಷಣಗಳು ನನಗೆ ಕಾಣಲಿಲ್ಲ. ಮುಂದೆ ಎಂದಾದರೂ ಕಂಡುಬಂದರೆ, ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಹಣೆಬರಹದ ವಿಷಯ. ಸಂತೋಷಕ್ಕೆ ಹುಟ್ಟುಗುಣದ ಪಾಲು ಇದೆ ಎಂಬುದು ನಿಜ. ಅಮೆರಿಕದ ಮಿನ್ನೆಸೋಟದ ಸಂಶೋಧಕರು ಅವಳಿಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಬರಹ ಈ ವಾದಕ್ಕೆ ದೊಡ್ಡ ಬಲ ಕೊಟ್ಟಿತು. ಆಮೇಲೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜನರ ನಡುವೆ ಸಂತೃಪ್ತಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಮೂರನೇ ಒಂದು ಭಾಗ ಆನುವಂಶಿಕ ಎಂದು ಲೆಕ್ಕ ಸಿಕ್ಕಿದೆ. ಈ ಅಂಕಿಯನ್ನು ಹೆಚ್ಚಿನವರು ತಪ್ಪಾಗಿ ಓದುತ್ತಾರೆ. ನಿಮ್ಮ ಸಂತೋಷದ ಮೂರನೇ ಒಂದು ಭಾಗ ತಂದೆತಾಯಿಯಿಂದ ಬಂದದ್ದು, ಉಳಿದದ್ದು ನಿಮ್ಮ ಕೈಯಲ್ಲಿದೆ ಎಂದು ಅದರ ಅರ್ಥವಲ್ಲ. ಅದು ಒಂದು ಸಮುದಾಯದ ಜನರ ನಡುವಿನ ವ್ಯತ್ಯಾಸವನ್ನು ಕುರಿತ ಮಾತು, ಒಬ್ಬ ವ್ಯಕ್ತಿಯ ಜಾತಕವಲ್ಲ. ಕೆಲವರು ಸುಲಭವಾಗಿ ನಗುತ್ತಾರೆ, ಕೆಲವರು ಬೇಗ ಚಿಂತೆಗೆ ಬೀಳುತ್ತಾರೆ. ಅಷ್ಟರಿಂದ ಒಬ್ಬರ ಬಾಳು ಸಾರ್ಥಕವೆಂದೂ ಇನ್ನೊಬ್ಬರದು ವ್ಯರ್ಥವೆಂದೂ ತೀರ್ಮಾನವಾಗುವುದಿಲ್ಲ.

ಮನೆಯೊಕ್ಕಲಿನ ಸಂಭ್ರಮ ಆರು ತಿಂಗಳಲ್ಲಿ ಇಳಿದದ್ದಕ್ಕೆ ಕಾರಣ ಬೇರೆಯೇ ಇದೆ. ಮನಸ್ಸು ಬದಲಾವಣೆಯನ್ನು ಗಮನಿಸುತ್ತದೆ, ಇದ್ದ ಹಾಗೆಯೇ ಇರುವುದನ್ನು ಗಮನಿಸುವುದನ್ನು ಬಿಟ್ಟುಬಿಡುತ್ತದೆ. ಮೊದಲ ವಾರ ಗ್ರಾನೈಟ್ ನೆಲದ ತಂಪು ನಿಮ್ಮ ಕಾಲಿಗೆ ತಿಳಿದಿರಬೇಕು. ಈಗ ಆ ನೆಲದ ಮೇಲೆ ನಡೆಯುವಾಗ ನೀವು ಮೋಟಾರು ಸ್ವಿಚ್ಚಿನ ಬಗ್ಗೆಯೋ ಕೊಳೆರೋಗದ ಬಗ್ಗೆಯೋ ಯೋಚಿಸುತ್ತಿರುತ್ತೀರಿ. ಇದು ಕೃತಘ್ನತೆಯಲ್ಲ. ಒಂದೇ ಸುಖದಲ್ಲಿ ಮೈಮರೆತು ಕೂರುವ ಪ್ರಾಣಿ ಮುಂದಿನ ಅಪಾಯವನ್ನಾಗಲಿ ಮುಂದಿನ ಹೊತ್ತಿನ ಆಹಾರವನ್ನಾಗಲಿ ಕಾಣಲಾರದು. ನಮ್ಮ ಮಿದುಳು ಬದುಕಿ ಉಳಿಯುವುದಕ್ಕಾಗಿ ರೂಪುಗೊಂಡದ್ದು, ತೃಪ್ತಿಯಲ್ಲಿ ವಿಶ್ರಮಿಸುವುದಕ್ಕಾಗಿ ಅಲ್ಲ. ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಮಿಶಿಗನ್ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಜ್ ಅವರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಬಯಸುವ ವ್ಯವಸ್ಥೆಯೂ ಸವಿಯುವ ವ್ಯವಸ್ಥೆಯೂ ಮಿದುಳಿನಲ್ಲಿ ಬೇರೆ ಬೇರೆ ಎಂದು ತೋರಿಸಿಕೊಟ್ಟರು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಇಲ್ಲವಾದ ಇಲಿ ಸಕ್ಕರೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಆದರೆ ಬಾಯಿಗೆ ಹಾಕಿದರೆ ಎಂದಿನಂತೆಯೇ ಚಪ್ಪರಿಸುತ್ತದೆ. ಡೋಪಮಿನ್ ಎಂದರೆ ಸಂತೋಷದ ರಾಸಾಯನಿಕ ಎಂದು ಈಗ ಎಲ್ಲೆಡೆ ಹೇಳಲಾಗುತ್ತಿದೆ. ಅದಕ್ಕಿಂತ ಬಯಕೆಯ ರಾಸಾಯನಿಕ ಎನ್ನುವುದು ಸತ್ಯಕ್ಕೆ ಹತ್ತಿರ. ಬಯಸುವ ಶಕ್ತಿ ಹೆಚ್ಚಾಗಿದ್ದ ಮಾತ್ರಕ್ಕೆ ಸವಿಯುವ ಶಕ್ತಿಯೂ ಅಷ್ಟೇ ಇರಬೇಕೆಂದಿಲ್ಲ. ಮನೆ ಕಟ್ಟುವ ಆ ಒಂದೂವರೆ ಎರಡು ವರ್ಷ ಮನಸ್ಸು ಓಡುತ್ತಿದ್ದದ್ದು ಬಯಕೆಯ ಬಲದಿಂದ. ಮನೆ ಮುಗಿದ ದಿನ ಆ ಬಯಕೆಯೂ ಮುಗಿಯಿತು, ಅದು ಬಿಟ್ಟುಹೋದ ಖಾಲಿ ಜಾಗ ನಿಮಗೆ ಅತೃಪ್ತಿಯಾಗಿ ತೋರಿತು.

ಹಾಗಾದರೆ ಮನುಷ್ಯ ಎಲ್ಲಕ್ಕೂ ಹೊಂದಿಕೊಂಡುಬಿಡುತ್ತಾನೆ, ಏನು ಮಾಡಿದರೂ ಅಷ್ಟೇ ಎಂದು ತಿಳಿಯಬೇಕೇ? ಈ ನಂಬಿಕೆಯ ಹಿಂದೆ 1978ರ ಒಂದು ಪ್ರಸಿದ್ಧ ಅಧ್ಯಯನವಿದೆ. ಲಾಟರಿ ಗೆದ್ದವರೂ ಅಪಘಾತದಲ್ಲಿ ಅಂಗಾಂಗಗಳ ಬಲ ಕಳೆದುಕೊಂಡವರೂ ಕೊನೆಗೆ ಸಮಾನ ಸುಖಿಗಳಾಗಿದ್ದರು ಎಂದು ಅದನ್ನು ಭಾಷಣಗಳಲ್ಲಿ ಉದ್ಧರಿಸುತ್ತಾರೆ. ಅದರಲ್ಲಿ ಇದ್ದದ್ದು 22 ಮಂದಿ ಲಾಟರಿ ವಿಜೇತರು ಮತ್ತು 29 ಮಂದಿ ಅಪಘಾತಕ್ಕೀಡಾದವರು ಮಾತ್ರ. ಲಾಟರಿ ಗೆದ್ದವರು ಸಾಮಾನ್ಯ ಜನರಿಗಿಂತ ಗಮನಾರ್ಹವಾಗಿ ಹೆಚ್ಚು ಸುಖಿಗಳಾಗಿರಲಿಲ್ಲ ಎಂಬುದು ಸರಿ. ಆದರೆ ಅಪಘಾತಕ್ಕೀಡಾದವರು ತಮ್ಮ ಆಗಿನ ಸಂತೋಷಕ್ಕೆ ಉಳಿದವರಿಗಿಂತ ಕಡಿಮೆ ಅಂಕವನ್ನೇ ಕೊಟ್ಟಿದ್ದರು. ಆ ಭಾಗವನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಮುಂದೆ ಜರ್ಮನಿಯಲ್ಲಿ ಸಾವಿರಾರು ಜನರನ್ನು ವರ್ಷವರ್ಷವೂ ಪ್ರಶ್ನಿಸುತ್ತ ಬಂದ ಸಮೀಕ್ಷೆಯಿಂದ, ಕೆಲಸ ಕಳೆದುಕೊಂಡವರ ಸಂತೃಪ್ತಿ ಮತ್ತೆ ಕೆಲಸ ಸಿಕ್ಕಿದ ಮೇಲೂ ಸರಾಸರಿಯಲ್ಲಿ ಮೊದಲಿನ ಮಟ್ಟಕ್ಕೆ ಪೂರ್ತಿ ಮರಳುವುದಿಲ್ಲ, ಸಂಗಾತಿಯನ್ನು ಕಳೆದುಕೊಂಡವರು ಚೇತರಿಸಿಕೊಳ್ಳಲು ಹಲವು ವರ್ಷ ಬೇಕಾಗುತ್ತದೆ ಎಂದು ತಿಳಿದುಬಂತು. ಅಂದರೆ ಮನಸ್ಸು ಕೆಲವಕ್ಕೆ ಬೇಗ ಒಗ್ಗಿಕೊಳ್ಳುತ್ತದೆ, ಕೆಲವಕ್ಕೆ ನಿಧಾನವಾಗಿ, ಕೆಲವಕ್ಕೆ ಎಂದೂ ಪೂರ್ಣವಾಗಿ ಒಗ್ಗಿಕೊಳ್ಳುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ವ್ಯತ್ಯಾಸದಲ್ಲಿ.

ಗೋಡೆ, ನೆಲ, ಕಾರು, ಟಿ.ವಿ. ಇವುಗಳಿಗೆ ನಾವು ಬೇಗ ಒಗ್ಗಿಕೊಳ್ಳುತ್ತೇವೆ. ಜನರ ಒಡನಾಟ ತಪ್ಪಿಹೋದರೆ ಅದಕ್ಕೆ ಅಷ್ಟು ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ. ನಿಮ್ಮ ಪತ್ರದಲ್ಲಿ ನೀವು ಹೆಚ್ಚು ಗಮನ ಕೊಡದೆ ಬರೆದ ಒಂದು ವಾಕ್ಯದ ಬಳಿ ನಾನು ಬಹಳ ಹೊತ್ತು ನಿಂತೆ. ಜಗಲಿಯಲ್ಲಿ ಅಡಿಕೆ ಸುಲಿಯುವಾಗ ನಾಲ್ಕು ಜನ ಸೇರುತ್ತಿದ್ದರು, ಈಗ ಅದೂ ಇಲ್ಲ ಎಂದಿದ್ದೀರಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜಗಲಿ ಎಂದರೆ ಒಳಗೆ ಕರೆಯುವ ಮೊದಲೇ ಬಂದು ಕೂರಬಹುದಾದ ಜಾಗ. ದಾರಿಯಲ್ಲಿ ಹೋಗುವವರು ಅಂಗಳಕ್ಕೆ ಇಳಿದು, ‘ಸುಲಿಯುವುದು ಎಷ್ಟಾಯಿತು’ ಎಂದು ಕೇಳಿ, ಕೂತು, ತಾವೂ ಹತ್ತು ಅಡಿಕೆ ಸುಲಿದು, ವೀಳ್ಯ ಹಾಕಿಕೊಂಡು, ಯಾರ ಮನೆಯ ದನ ಕರು ಹಾಕಿತು, ಯಾರ ತೋಟಕ್ಕೆ ಹಂದಿ ನುಗ್ಗಿತು ಎಂದು ಹೇಳಿ ಎದ್ದು ಹೋಗುತ್ತಿದ್ದರು. ಅದಕ್ಕೆ ಯಾರೂ ಆಮಂತ್ರಣ ಕೊಡಬೇಕಾಗಿರಲಿಲ್ಲ, ಚಹಾ ತಿಂಡಿಯ ಸಿದ್ಧತೆಯೂ ಬೇಕಿರಲಿಲ್ಲ. ಕೈಗೆ ಕೆಲಸವಿದ್ದುದರಿಂದ ಮಾತು ನಿಂತರೂ ಮುಜುಗರವಾಗುತ್ತಿರಲಿಲ್ಲ. ಹೊಸ ಮನೆಗಳಿಗೆ ಆವರಣ ಗೋಡೆ, ಗೇಟು, ನಾಯಿ ಎಲ್ಲ ಬಂದಿವೆ. ಬರುವವರು ಮೊದಲು ಫೋನು ಮಾಡಿ ಬರುತ್ತಾರೆ, ಕಾರಣವಿಲ್ಲದಿದ್ದರೆ ಬರುವುದೇ ಇಲ್ಲ. ನಿಮ್ಮ ಮನೆಯನ್ನು ನಾನು ನೋಡಿಲ್ಲ. ಆದರೆ ಇಂಥ ಮನೆಗಳಿಂದ ಬರುವವರ ಮಾತು ಕೇಳಿದ ಅನುಭವದಿಂದ ಹೇಳುವುದಾದರೆ, ನಿಮ್ಮನ್ನು ಕಾಡುತ್ತಿರುವುದು ಮನೆಯ ಸಂತೋಷ ಕರಗಿದ್ದಲ್ಲ, ಅದು ಎಲ್ಲರಿಗೂ ಕರಗುತ್ತದೆ. ಮನೆ ಕಟ್ಟುವಾಗ ಲೆಕ್ಕಕ್ಕೆ ಬಾರದ ಒಂದು ನಷ್ಟ ಆಯಿತು, ಆ ನಷ್ಟ ಮಾತ್ರ ಕರಗದೆ ಉಳಿಯಿತು.

ನೆರೆಕರೆಯವರ ಕಾರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮಗೆ ಹೆಚ್ಚು ನಾಚಿಕೆಯಾಗಿರುವುದು ಅಲ್ಲಿ. ದೇಶದ ಅತಿ ದೊಡ್ಡ ಶ್ರೀಮಂತರು ಹೊಸ ವಿಮಾನ ಕೊಂಡರೆ ನಮಗೆ ನಿದ್ದೆ ಕೆಡುವುದಿಲ್ಲ. ನಮ್ಮ ಹಾಗೆಯೇ ಅಡಿಕೆ ಬೆಳೆದು, ನಮ್ಮ ಹಾಗೆಯೇ ಮಳೆಗಾಲದಲ್ಲಿ ಮದ್ದು ಬಿಡಿಸಿ, ಅದೇ ಧಾರಣೆಗೆ ಮಾರಿದವರು ಕೊಂಡಾಗ ಮಾತ್ರ ಕೆಡುತ್ತದೆ. ನಾನು ಎಲ್ಲಿದ್ದೇನೆ ಎಂಬುದನ್ನು ಮನಸ್ಸು ಅಳೆಯುವುದು ತನ್ನ ಸರೀಕರ ಪಕ್ಕದಲ್ಲಿ ನಿಂತೇ. 1998ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಜನರನ್ನು ಹೀಗೆ ಕೇಳಿದರು: ಉಳಿದವರೆಲ್ಲ 25,000 ಡಾಲರ್ ಗಳಿಸುವ ಲೋಕದಲ್ಲಿ ನೀವು 50,000 ಗಳಿಸಬೇಕೇ, ಅಥವಾ ಉಳಿದವರು 2 ಲಕ್ಷ ಗಳಿಸುವ ಲೋಕದಲ್ಲಿ ನೀವು 1 ಲಕ್ಷ ಗಳಿಸಬೇಕೇ? ಸುಮಾರು ಅರ್ಧದಷ್ಟು ಜನ ಮೊದಲನೆಯದನ್ನು ಆರಿಸಿಕೊಂಡರು. ತಮ್ಮ ಗಳಿಕೆ ಅರ್ಧಕ್ಕೆ ಇಳಿದರೂ ಚಿಂತೆಯಿಲ್ಲ, ಪಕ್ಕದವರಿಗಿಂತ ಮೇಲಿದ್ದರೆ ಸಾಕು ಎಂದು. ಇದೇ ಪ್ರಶ್ನೆಯನ್ನು ರಜೆಯ ದಿನಗಳ ಬಗ್ಗೆ ಕೇಳಿದಾಗ ಮಾತ್ರ ಹೆಚ್ಚಿನವರು, ಉಳಿದವರಿಗೆ ಎಷ್ಟಾದರೂ ಸಿಗಲಿ, ತಮಗೆ ಹೆಚ್ಚು ರಜೆ ಸಿಗುವ ಲೋಕವನ್ನೇ ಆರಿಸಿದರು. ಕಣ್ಣಿಗೆ ಕಾಣುವ ವಸ್ತುವಿನಲ್ಲಿ ಹೋಲಿಕೆ ಹುಟ್ಟುತ್ತದೆ, ಕಾಣದ ಬಿಡುವಿನಲ್ಲಿ ಅಷ್ಟಾಗಿ ಹುಟ್ಟುವುದಿಲ್ಲ. ನಿಮ್ಮ ನೆರೆಯವರ ಕಾರು ರಸ್ತೆಯಿಂದ ಕಾಣುತ್ತದೆ. ಅವರ ಸಾಲ, ಅವರ ರಾತ್ರಿಯ ನಿದ್ದೆ, ಅವರ ಮನೆಯ ಮಾತುಕತೆ ಯಾವುದೂ ಕಾಣುವುದಿಲ್ಲ.

ಆ ರಾತ್ರಿ ಹೊಟ್ಟೆಯಲ್ಲಿ ಆದ ಸಂಕಟಕ್ಕೆ ನೀವು ಜವಾಬ್ದಾರರಲ್ಲ. ಅದು ತಾನಾಗಿ ಹುಟ್ಟುತ್ತದೆ. ಅದಾದ ಮೇಲೆ ಆ ಮನುಷ್ಯನ ಬಗ್ಗೆ ಕೆಟ್ಟ ಮಾತು ಆಡಿದಿರೇ, ಅವರ ಮನೆಗೆ ಹೋಗುವುದನ್ನು ನಿಲ್ಲಿಸಿದಿರೇ ಎಂಬುದಕ್ಕೆ ಜವಾಬ್ದಾರಿ ಇದೆ. ನಿಲ್ಲಿಸಿದ್ದರೆ ಮತ್ತೆ ಹೋಗಿ, ಕಾರಿನಲ್ಲಿ ಒಮ್ಮೆ ಕೂತು ಬನ್ನಿ, ಎಷ್ಟು ಮೈಲೇಜು ಕೊಡುತ್ತದೆಂದು ಕೇಳಿ. ದೂರ ಉಳಿದಷ್ಟೂ ಅಸೂಯೆ ಬೆಳೆಯುತ್ತದೆ, ಮಾತಾಡಿದರೆ ಅದು ಕುಗ್ಗುತ್ತದೆ. ಇದನ್ನು ನಾನು ಎಷ್ಟೋ ಜನರಲ್ಲಿ ಕಂಡಿದ್ದೇನೆ. ನಿಮ್ಮ ಮನೆಯವರು ಆಡುವ ‘ಎಷ್ಟಿದ್ದರೂ ಸಾಲದು’ ಎಂಬ ಮಾತು ನಿಮಗೆ ನೋವು ಕೊಟ್ಟಂತಿದೆ. ಅವರು ಹಾಗೆನ್ನುವುದು ಯಾವ ಹೊತ್ತಿನಲ್ಲಿ ಎಂದು ಗಮನಿಸಿ. ಆ ಮನೆಯಲ್ಲಿ ಜಗಲಿ ಹೋದದ್ದು ಅವರಿಗೂ ಹೌದು, ಮಕ್ಕಳಿಬ್ಬರೂ ದೂರವಾದದ್ದು ಅವರಿಗೂ ಹೌದು.

ಹಣದಿಂದ ಸಂತೋಷ ಸಿಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಯಾರಿಗೂ ಬೋಧಿಸುವುದೂ ಇಲ್ಲ. ಆಸ್ಪತ್ರೆಯ ಬಿಲ್ಲಿಗೆ ಒಡವೆ ಅಡವಿಟ್ಟವರ ಎದುರು ಕೂತು ಹಾಗೆ ಹೇಳುವುದು ಅನ್ಯಾಯ. ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಅಮೆರಿಕದ ದತ್ತಾಂಶಗಳಿಂದ 2010ರಲ್ಲಿ, ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದ ನಂತರ ದಿನನಿತ್ಯದ ಸಂತೋಷ ಹೆಚ್ಚುವುದು ನಿಲ್ಲುತ್ತದೆ ಎಂದು ಬರೆದರು. ಇನ್ನೊಬ್ಬ ಸಂಶೋಧಕ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ 2021ರಲ್ಲಿ, ಅದು ನಿಲ್ಲುವುದಿಲ್ಲ, ಏರುತ್ತಲೇ ಹೋಗುತ್ತದೆ ಎಂದರು. ಆಮೇಲೆ ಕಾಹ್ನೆಮನ್ ಅವರೂ ಕಿಲಿಂಗ್ಸ್‌ವರ್ತ್ ಅವರೂ ಜೊತೆಯಾಗಿ ಕೂತು ಲೆಕ್ಕವನ್ನು ಮತ್ತೆ ಮಾಡಿ 2023ರಲ್ಲಿ ಒಪ್ಪಂದಕ್ಕೆ ಬಂದರು. ವಿದ್ವಾಂಸರಲ್ಲಿ ಇದು ಅಪರೂಪ, ಆದ್ದರಿಂದ ನನಗೆ ಬಹಳ ಮೆಚ್ಚಿಗೆಯಾದ ಪ್ರಸಂಗ. ಅವರ ತೀರ್ಮಾನದಂತೆ ಹೆಚ್ಚಿನ ಜನರಲ್ಲಿ ಆದಾಯದೊಂದಿಗೆ ಸಂತೋಷ ನಿಧಾನವಾಗಿ ಏರುತ್ತದೆ, ಆದರೆ ಅತ್ಯಂತ ಅಸುಖಿಗಳಾದ ಸುಮಾರು ಐದನೇ ಒಂದು ಭಾಗದ ಜನರಲ್ಲಿ ಒಂದು ಮಟ್ಟದ ನಂತರ ಆದಾಯ ಏರಿದರೂ ಸಂತೋಷ ಏರುವುದಿಲ್ಲ. ಒಂಟಿತನ, ಅಗಲಿಕೆ, ಖಿನ್ನತೆಗಳಿಂದ ಬಂದ ದುಃಖವನ್ನು ಹೆಚ್ಚಿನ ಹಣ ಗುಣಪಡಿಸದು ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ನಿಮಗೆ ಸಾಕಷ್ಟು ಆದಾಯವಿದೆ. ಈಗ ನಿಮಗೆ ಕೊರತೆಯಿರುವುದು ಆದಾಯದಿಂದ ಬರುವ ವಸ್ತುಗಳಲ್ಲಿ ಅಲ್ಲ.

ಈ ದೃಷ್ಟಿಯಿಂದ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ.

ಪಕ್ಕದ ಜಾಗವನ್ನು ಸಾಲ ಮಾಡಿ ಕೊಳ್ಳುವ ಸಲಹೆಯನ್ನು ನಾನು ಬೆಂಬಲಿಸಲಾರೆ. ಜಾಗ ಸಿಕ್ಕಿದ ಸಂತೋಷ ಮನೆಯ ಸಂತೋಷದಂತೆಯೇ ಕೆಲವು ತಿಂಗಳಲ್ಲಿ ಹಳತಾಗುತ್ತದೆ, ಕಂತು ಮಾತ್ರ ಪ್ರತಿ ತಿಂಗಳೂ ಹೊಸದಾಗಿ ಬರುತ್ತದೆ. ಅಲ್ಲಿ ಹೊಸದಾಗಿ ಅಡಿಕೆ ಇಡುವುದಾದರೆ ಫಸಲು ಕೈಗೆ ಸಿಗಲು ಐದಾರು ವರ್ಷ ಬೇಕು. ಅಷ್ಟರವರೆಗೆ ಬಡ್ಡಿ ಈಗಿನ ತೋಟದಿಂದಲೇ ಹೋಗಬೇಕು. ಧಾರಣೆಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಇದ್ದ ಭಯ ನಮಗೂ ಇರುವುದು ಕ್ಷೇಮ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗಲೇ ಕೇರಳ ಮತ್ತು ಕರ್ನಾಟಕದ ಬೆಳೆಗಾರರ ಸಹಕಾರಿಯಾಗಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು. ಮಹಾಭಾರತದ ಯಕ್ಷಪ್ರಶ್ನೆಯಲ್ಲಿ, ಯಾರು ಸುಖಿ ಎಂದು ಯಕ್ಷ ಕೇಳಿದಾಗ ಧರ್ಮರಾಯ ಕೊಟ್ಟ ಉತ್ತರವನ್ನು ನಮ್ಮ ಊರಿನ ತಾಳಮದ್ದಳೆಗಳಲ್ಲಿ ನೀವು ಕೇಳಿರಬಹುದು. ಹೊತ್ತು ಮೀರಿಯಾದರೂ ತನ್ನ ಮನೆಯಲ್ಲಿ ಸೊಪ್ಪುಸದೆ ಬೇಯಿಸಿ ಉಣ್ಣುವವನು, ಸಾಲವಿಲ್ಲದವನು, ಊರು ಬಿಟ್ಟು ಅಲೆಯಬೇಕಾಗಿಲ್ಲದವನು ಸುಖಿ ಎಂದು ಅವನು ಹೇಳುತ್ತಾನೆ. ಧರ್ಮರಾಯ ಮನಸ್ಸಿನ ಶಾಂತಿ, ವೈರಾಗ್ಯ ಎಂದು ದೊಡ್ಡ ಮಾತು ಆಡಬಹುದಿತ್ತು, ಆಡಲಿಲ್ಲ. ತಾನೇ ಕಾಡಿನಲ್ಲಿ ಅಲೆಯುತ್ತ, ಬಾಯಾರಿ, ತಮ್ಮಂದಿರು ಸತ್ತು ಬಿದ್ದಿರುವ ಹೊತ್ತಿನಲ್ಲಿ ಅವನು ಹೆಸರಿಸಿದ್ದು ಸಾಲ ಮತ್ತು ಅಗಲಿಕೆ ಎಂಬ ಎರಡು ನಿಜವಾದ ಕಷ್ಟಗಳನ್ನು. ಗಲ್ಫಿಗೆ ಹೋದವರ ಮನೆಗಳೂ ಸಹಕಾರಿ ಬ್ಯಾಂಕಿನ ಸಾಲವೂ ತುಂಬಿರುವ ನಮ್ಮ ಜಿಲ್ಲೆಯಲ್ಲಿ ಕೂತು ರೋಗಿಗಳನ್ನು ನೋಡುವ ನನಗೆ ಆ ಉತ್ತರ ಅಕ್ಷರಶಃ ಸತ್ಯವಾಗಿ ಕಂಡಿದೆ. ಈ ಎರಡಕ್ಕೂ ಮನಸ್ಸು ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ.

ತೋಟ ಮಾರಿ ಬೆಂಗಳೂರಿಗೆ ಹೋಗುವುದು ಇದಕ್ಕಿಂತಲೂ ದೊಡ್ಡ ನಿರ್ಧಾರ, ಏಕೆಂದರೆ ಅದರಿಂದ ಹಿಂದಿರುಗಲು ಆಗುವುದಿಲ್ಲ. ಮಗನ ಕರೆಯಲ್ಲಿ ಪ್ರೀತಿ ಇದೆ, ನಿಮ್ಮ ಮುಂದಿನ ವರ್ಷಗಳ ಆರೋಗ್ಯದ ಕಾಳಜಿಯೂ ಇದೆ. ಅದನ್ನು ಹಗುರವಾಗಿ ತಳ್ಳಿಹಾಕಬೇಡಿ. ಆದರೆ ಬೇರೊಂದು ಊರಿನ ಬಾಳನ್ನು ಊಹಿಸುವಾಗ ನಾವೆಲ್ಲರೂ ಒಂದೇ ತಪ್ಪು ಮಾಡುತ್ತೇವೆ. 1998ರಲ್ಲಿ ಕಾಹ್ನೆಮನ್ ಮತ್ತು ಡೇವಿಡ್ ಶ್ಕೇಡ್ ನಡೆಸಿದ ಅಧ್ಯಯನದಲ್ಲಿ, ಹವೆ ಹಿತವಾಗಿರುವ ಕ್ಯಾಲಿಫೋರ್ನಿಯದ ಜನ ಹೆಚ್ಚು ಸುಖಿಗಳಾಗಿರುತ್ತಾರೆಂದು ಅಲ್ಲಿಯ ವಿದ್ಯಾರ್ಥಿಗಳೂ ಹೇಳಿದರು, ಚಳಿಯ ಮಧ್ಯ-ಪಶ್ಚಿಮ ರಾಜ್ಯಗಳವರೂ ಹೇಳಿದರು. ಅಳೆದು ನೋಡಿದಾಗ ಎರಡೂ ಕಡೆಯವರ ಸಂತೃಪ್ತಿ ಒಂದೇ ಆಗಿತ್ತು. ಊಹಿಸುವಾಗ ನಮಗೆ ಕಾಣುವುದು ವ್ಯತ್ಯಾಸವಿರುವ ಒಂದು ಅಂಶ ಮಾತ್ರ. ಬೆಂಗಳೂರು ಎಂದಾಗ ನಿಮಗೆ ರಾತ್ರಿಯ ಊಟಕ್ಕೆ ಮಗನ ಜೊತೆ ಕೂರುವುದು ಕಾಣುತ್ತದೆ. ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಏಳನೆಯ ಮಹಡಿಯ ಮನೆಯಲ್ಲಿ ಹನ್ನೊಂದು ಗಂಟೆಗೆ ನೀವು ಏನು ಮಾಡುತ್ತಿರುತ್ತೀರಿ ಎಂಬುದು ಕಾಣುವುದಿಲ್ಲ. ಹಾಗೆ ಹೋದ ಕೃಷಿಕರೊಬ್ಬರು ನನ್ನಲ್ಲಿ ಮಾತಾಡುವಾಗ, ಫ್ಲ್ಯಾಟಿನ ಸೌಕರ್ಯಗಳನ್ನೆಲ್ಲ ಹೊಗಳಿ, ಕೊನೆಗೆ ಹೇಳಿದ್ದು ಸ್ಪ್ರಿಂಕ್ಲರಿನ ವಿಷಯ. ತೋಟದಲ್ಲಿ ನೀರು ಬಿಟ್ಟಾಗ ಎಲ್ಲೋ ಒಂದು ಕಡೆ ಚಿಮ್ಮುವ ಸದ್ದು ಬೇರೆಯಾಗಿ ಕೇಳಿದರೆ, ಯಾವ ಸಾಲಿನ ಎಷ್ಟನೆಯ ತೂತಿನಲ್ಲಿ ಮರಳ ಕಣ ಸಿಕ್ಕಿಕೊಂಡಿದೆ ಎಂದು ನಿಂತಲ್ಲಿಂದಲೇ ಗೊತ್ತಾಗುತ್ತಿತ್ತಂತೆ; ಹೋಗಿ ಹಿಡಿಸೂಡಿಯ ಕಡ್ಡಿಯಿಂದ ಚುಚ್ಚಿದರೆ ನೀರು ಮತ್ತೆ ದುಂಡಗೆ ತಿರುಗುತ್ತಿತ್ತಂತೆ. ‘ಡಾಕ್ಟ್ರೇ, ನನಗೆ ಗೊತ್ತಿರುವುದು ಯಾವುದೂ ಇಲ್ಲಿ ಬೇಕಾಗಿಲ್ಲ’ ಎಂದರು. ಅವರು ಕಳೆದುಕೊಂಡದ್ದು ತನ್ನ ಕೈಚಳಕ ಬಲ್ಲ ಜಾಗವನ್ನು. ಹಣದಲ್ಲಿ ಅದಕ್ಕೆ ಬೆಲೆ ಕಟ್ಟಿರಲಿಲ್ಲ.

ಆದ್ದರಿಂದ ಮಾರುವ ಮೊದಲು ಹೋಗಿ ಇದ್ದು ನೋಡಿ. ಮಳೆಗಾಲದ ಮದ್ದು, ಕೊಯ್ಲು ಇಲ್ಲದ ಸಮಯ ನೋಡಿಕೊಂಡು ತೋಟವನ್ನು ನಂಬಿಕೆಯವರಿಗೆ ಒಪ್ಪಿಸಿ, ಇಬ್ಬರೂ ಎರಡು ತಿಂಗಳಾದರೂ ಮಗನ ಜೊತೆ ಇರಿ. ಅತಿಥಿಯಾಗಿ ಒಂದು ವಾರ ಇದ್ದರೆ ಏನೂ ತಿಳಿಯುವುದಿಲ್ಲ. ಎರಡನೆಯ ತಿಂಗಳ ಸಾಮಾನ್ಯ ಮಂಗಳವಾರ ಹೇಗಿರುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಿ. ಆ ಮಂಗಳವಾರ ನಿಮಗೆ ಹಿತವೆನಿಸಿದರೆ ಹೋಗುವುದರಲ್ಲಿ ತಪ್ಪಿಲ್ಲ.

ಮೌನ ಧ್ಯಾನದ ಶಿಬಿರ ಕೆಲವರಿಗೆ ನಿಜವಾಗಿ ಉಪಯೋಗವಾಗಿದೆ. ಆದರೆ ಎಂದೂ ಅಭ್ಯಾಸವಿಲ್ಲದವರು ಒಮ್ಮೆಲೇ ಹತ್ತು ದಿನ, ದಿನಕ್ಕೆ ಹಲವು ಗಂಟೆ ಮೌನದಲ್ಲಿ ಕೂತಾಗ ಆತಂಕ ಹೆಚ್ಚಾದದ್ದನ್ನೂ ನಿದ್ದೆ ಕೆಟ್ಟದ್ದನ್ನೂ ಕಂಡಿದ್ದೇನೆ. ಹಿಂದೆ ಖಿನ್ನತೆ ಅಥವಾ ಬೇರೆ ಮಾನಸಿಕ ಕಾಯಿಲೆ ಬಂದವರು ವೈದ್ಯರನ್ನು ಕೇಳದೆ ಹೋಗಬಾರದು, ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಅಲ್ಲಿಗಾಗಿ ನಿಲ್ಲಿಸಲೂಬಾರದು. ನಿಮ್ಮ ವಿಷಯದಲ್ಲಿ ನನ್ನ ಸಂದೇಹ ಬೇರೆ. ಮಾತಿನ ಜೊತೆ ಕಡಿಮೆಯಾಗಿ ಬಳಲುತ್ತಿರುವವರಿಗೆ ಇನ್ನಷ್ಟು ಮೌನವನ್ನು ಮದ್ದಾಗಿ ಕೊಡಲು ನನಗೆ ಮನಸ್ಸಿಲ್ಲ.

ನಾಲ್ಕನೆಯ ದಾರಿ ನಿಮ್ಮ ಪತ್ರದಲ್ಲಿ ಇಲ್ಲ, ನಾನು ಸೇರಿಸುತ್ತೇನೆ: ಇರುವಲ್ಲೇ ಇದ್ದು, ಕಳೆದುಹೋದದ್ದನ್ನು ಬೇಕೆಂದೇ ಮತ್ತೆ ತಂದುಕೊಳ್ಳುವುದು. ಬ್ರಿಟಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಇಪ್ಪತ್ತು ವರ್ಷದವನಾಗಿದ್ದಾಗ, 1826ರಲ್ಲಿ, ನಿಮ್ಮ ಪ್ರಶ್ನೆಯನ್ನೇ ತನಗೆ ತಾನು ಕೇಳಿಕೊಂಡಿದ್ದ. ನಾನು ಬಯಸುವ ಸುಧಾರಣೆಗಳೆಲ್ಲ ಈ ಕ್ಷಣವೇ ಆಗಿಬಿಟ್ಟರೆ ನನಗೆ ಮಹಾ ಸಂತೋಷವಾಗುತ್ತದೆಯೇ ಎಂದು ಕೇಳಿಕೊಂಡಾಗ ಒಳಗಿನಿಂದ ‘ಇಲ್ಲ’ ಎಂಬ ಉತ್ತರ ಬಂತು, ಅವನು ತಿಂಗಳುಗಟ್ಟಲೆ ಕುಸಿದುಹೋದ. ಜನರ ಗರಿಷ್ಠ ಸುಖವೇ ಎಲ್ಲದರ ಗುರಿ ಎಂದು ಬಾಲ್ಯದಿಂದ ಕಲಿತಿದ್ದ ಅವನು ಆ ಕಷ್ಟದಿಂದ ಹೊರಬಂದ ಮೇಲೆ, ಸುಖವನ್ನು ನೇರವಾಗಿ ಗುರಿಯಿಟ್ಟು ಹಿಡಿಯಲಾಗದು, ತನ್ನ ಸುಖವನ್ನು ಬಿಟ್ಟು ಬೇರೆ ಯಾವುದರಲ್ಲಾದರೂ, ಇತರರ ಒಳಿತಿನಲ್ಲೋ ಒಂದು ಕಲೆಯಲ್ಲೋ, ಮನಸ್ಸಿಟ್ಟವರಿಗೆ ಅದು ದಾರಿಯಲ್ಲಿ ಸಿಗುತ್ತದೆ ಎಂಬ ನಿಲುವಿಗೆ ಬಂದ. ನನ್ನ ವೃತ್ತಿಯ ಅನುಭವ ಇದನ್ನೇ ಹೇಳುತ್ತದೆ. ‘ನಾನು ಈಗ ಸಂತೋಷವಾಗಿದ್ದೇನೆಯೇ’ ಎಂದು ದಿನಕ್ಕೆ ಹತ್ತು ಸಲ ನೋಡಿಕೊಳ್ಳುವವರು, ನಾಟಿ ಮಾಡಿದ ಗಿಡವನ್ನು ಬೇರು ಬಿಟ್ಟಿದೆಯೇ ಎಂದು ಕಿತ್ತು ಕಿತ್ತು ನೋಡುವವರಂತೆ.

ಮಾಡಬಹುದಾದದ್ದು ಹೀಗಿದೆ. ಒಣಗಿದ ಅಡಿಕೆಯಲ್ಲಿ ಒಂದೆರಡು ಗೋಣಿಯನ್ನು ಯಂತ್ರಕ್ಕೆ ಕೊಡದೆ ಕೈಯಲ್ಲಿ ಸುಲಿಯಲು ಇಟ್ಟುಕೊಳ್ಳಿ, ವಾರಕ್ಕೆ ಒಂದು ಸಂಜೆ ಗೊತ್ತುಮಾಡಿ, ಮೊದಲು ಬರುತ್ತಿದ್ದ ಆ ನಾಲ್ವರನ್ನು ಹೆಸರು ಹಿಡಿದು ಕರೆಯಿರಿ, ಅವರು ಹಿಂಜರಿದರೂ ಎರಡನೆಯ ಸಲ ಕರೆಯಿರಿ. ಆ ಹೊತ್ತಿಗೆ ಗೇಟು ತೆರೆದಿರಲಿ. ಲಾಭದ ಲೆಕ್ಕದಲ್ಲಿ ಇದು ಮೂರ್ಖತನವೆಂದು ಯಾರಾದರೂ ಹೇಳಬಹುದು. ಸುಲಿತದ ಖರ್ಚು ಉಳಿಸಿದ ಯಂತ್ರ ನಿಮ್ಮ ಸಂಜೆಯನ್ನು ಖಾಲಿ ಮಾಡಿದ್ದನ್ನು ಆ ಲೆಕ್ಕದಲ್ಲಿ ಸೇರಿಸಿಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದವರು 1938ರಿಂದ ಒಂದೇ ಗುಂಪಿನ ಜನರನ್ನೂ ಆಮೇಲೆ ಅವರ ಮಕ್ಕಳನ್ನೂ ಅನುಸರಿಸುತ್ತ ಬಂದಿರುವ ಅಧ್ಯಯನದಲ್ಲಿ ಮತ್ತೆ ಮತ್ತೆ ಕಂಡದ್ದು, ಆಪ್ತ ಸಂಬಂಧಗಳಿದ್ದವರು ವೃದ್ಧಾಪ್ಯದಲ್ಲಿ ಹೆಚ್ಚು ಸಂತೃಪ್ತರೂ ಆರೋಗ್ಯವಂತರೂ ಆಗಿದ್ದರು ಎಂಬುದು. ಇದರಲ್ಲಿ ಅಪಾಯವೂ ಇಲ್ಲದಿಲ್ಲ: ಕರೆದರೂ ಯಾರೂ ಬಾರದಿರಬಹುದು, ಬಂದವರು ಟಿ.ವಿ. ಧಾರಾವಾಹಿಯ ಹೊತ್ತಾಯಿತೆಂದು ಏಳಬಹುದು, ಹಳೆಯ ಮಾತು ಹಳೆಯ ರೀತಿಯಲ್ಲಿ ಹರಿಯದಿರಬಹುದು. ಆಗ ಬೇರೆ ನೆಪ ಹುಡುಕಬೇಕು. ಊರಿನ ಭಜನಾ ಮಂದಿರ, ತಾಳಮದ್ದಳೆ ಕೂಟ, ಶಾಲೆಯ ರಕ್ಷಕ-ಶಿಕ್ಷಕ ಸಂಘಕ್ಕೆ ಬೇಕಾದ ಕೆಲಸ, ಕಸಿ ಕಟ್ಟಲು ಕಲಿಯಬಯಸುವ ಎಳೆಯರು, ಇವೆಲ್ಲ ನಿಮ್ಮ ಹತ್ತಿರವೇ ಇವೆ. ನಿಮಗೆ ಗೊತ್ತಿರುವ ಕೆಲಸ ಬೇರೆಯವರಿಗೆ ಬೇಕಾಗುವ ಜಾಗವನ್ನು ಆರಿಸಿಕೊಳ್ಳಿ ಎಂಬುದಷ್ಟೇ ನನ್ನ ಸೂಚನೆ.

ಪಕ್ಕದ ಜಾಗದವರಿಗೆ ಈಗ ಬೇಡವೆಂದು ಹೇಳಿಬಿಡಿ. ತೂಗುಯ್ಯಾಲೆಯಲ್ಲಿರುವ ಆ ನಿರ್ಧಾರ ನಿಮ್ಮ ರಾತ್ರಿಗಳನ್ನು ತಿನ್ನುತ್ತಿರಬಹುದು. ಮಗನಿಗೆ ಬರೀ ‘ಇಲ್ಲ’ ಎನ್ನಬೇಡಿ, ಎರಡು ತಿಂಗಳು ಬಂದು ಇರುತ್ತೇವೆ, ಆಮೇಲೆ ನೀನೂ ರಜೆ ಹಾಕಿ ಕೊಯ್ಲಿನ ಸಮಯದಲ್ಲಿ ಒಂದು ವಾರ ಇಲ್ಲಿ ಬಂದು ಇರು ಎಂದು ಕೇಳಿ. ಆ ವಾರ ಅವನನ್ನು ಅತಿಥಿಯ ಹಾಗೆ ನೋಡಿಕೊಳ್ಳದೆ ತೋಟಕ್ಕೆ ಕರೆದುಕೊಂಡು ಹೋಗಿ, ನೀರಿನ ಪೈಪುಗಳು ಎಲ್ಲಿ ಹಾದುಹೋಗಿವೆ, ಯಾವ ಮೂಲೆಯ ಮರಗಳಿಗೆ ಕೊಳೆ ಮೊದಲು ತಗಲುತ್ತದೆ ಎಂಬುದನ್ನು ತೋರಿಸಿ. ಮಾರುವುದೋ ಉಳಿಸುವುದೋ ಎಂಬ ಮಾತನ್ನು ಅದಾದ ಮೇಲೆ ಮೂವರೂ ಕೂತು ಆಡಿ, ನಿಮ್ಮ ಮನೆಯವರಿಗೆ ಮೊದಲು ಮಾತಾಡಲು ಬಿಡಿ.